ಓದುಗರ ಪ್ರಶ್ನೆ, ನಮ್ಮ ಉತ್ತರ: ಸಿಮ್ ಕೊಟ್ಟ ಕಂಪನಿಗೆ ನಮ್ಮ ಬಗ್ಗೆ ಏನೆಲ್ಲ ಗೊತ್ತು?

ಮೊಬೈಲ್ ಫೋನಿನ ಖಾಸಗಿತನವನ್ನು ಕುರಿತು ಬರುವ ಪತ್ರಗಳಲ್ಲಿ ಹೆಚ್ಚಿನವು ಆ್ಯಪ್‌ಗಳ ಮೇಲಿನ ದೂರುಗಳು. ಸಿಮ್ ಕೊಡುವ ಮೊಬೈಲ್ ಕಂಪನಿಯ ಬಗ್ಗೆ ಕೇಳುವವರು ಕಡಿಮೆ. ಈ ಸಲ ಅಂಥ ಪತ್ರಗಳನ್ನೇ ಆರಿಸಿಕೊಂಡಿದ್ದೇವೆ. ಇಷ್ಟವಿಲ್ಲದ ಆ್ಯಪನ್ನು ಹೆಚ್ಚಿನ ಸಂದರ್ಭಗಳಲ್ಲಿ ಯಾರು ಬೇಕಾದರೂ ಅಳಿಸಿಹಾಕಬಹುದು, ನೆಟ್‌ವರ್ಕನ್ನು ಬಿಟ್ಟು ಫೋನ್ ಬಳಸುವುದು ಮಾತ್ರ ಯಾರಿಂದಲೂ ಆಗದು.

ಪ್ರಶ್ನೆ: ನನ್ನ ಫೋನಿನಲ್ಲಿ ಲೊಕೇಶನ್ ಸದಾ ಆಫ್ ಆಗಿರುತ್ತದೆ. ಆದರೂ ನಾನು ಎಲ್ಲಿದ್ದೇನೆಂಬುದು ಮೊಬೈಲ್ ಕಂಪನಿಗೆ ತಿಳಿಯುತ್ತದೆ ಎಂದು ಸ್ನೇಹಿತರೊಬ್ಬರು ಹೇಳಿದರು. ಇದು ನಿಜವೇ? ನಿಜವಾದರೆ ಆ ಆಯ್ಕೆಯಿಂದ ಪ್ರಯೋಜನವೇನು?

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ನಿಜ. ಲೊಕೇಶನ್ ಆಫ್ ಮಾಡಿದಾಗ ನಿಲ್ಲುವುದು ಫೋನಿನೊಳಗಿನ ಆ್ಯಪ್‌ಗಳಿಗೆ ಜಿಪಿಎಸ್ ಮುಂತಾದವುಗಳ ಮೂಲಕ ಸಿಗುತ್ತಿದ್ದ ಸ್ಥಳದ ಮಾಹಿತಿ. ಅಷ್ಟರ ಮಟ್ಟಿಗೆ ಅದು ಉಪಯುಕ್ತವೇ ಆದ್ದರಿಂದ ಅದನ್ನು ಆಫ್ ಮಾಡಿಯೇ ಇಟ್ಟಿರಿ. ಆದರೆ ಮೊಬೈಲ್ ಕಂಪನಿಗೆ ನಿಮ್ಮ ಸ್ಥಳ ತಿಳಿಯುವುದು ಜಿಪಿಎಸ್‌ನಿಂದಲ್ಲ, ಟವರ್‌ಗಳಿಂದ. ನಿಮಗೊಂದು ಕರೆ ಬಂದರೆ ಅದನ್ನು ಯಾವ ಪ್ರದೇಶದ ಟವರ್‌ಗಳಿಗೆ ಕಳುಹಿಸಬೇಕೆಂಬುದು ನೆಟ್‌ವರ್ಕಿಗೆ ಮೊದಲೇ ಗೊತ್ತಿರಬೇಕು. ಅದಕ್ಕಾಗಿ ಫೋನು ಜೇಬಿನಲ್ಲಿ ಸುಮ್ಮನಿದ್ದಾಗಲೂ ಒಂದು ಪ್ರದೇಶದಿಂದ ಇನ್ನೊಂದಕ್ಕೆ ಹೋದೊಡನೆ ತಾನಾಗಿಯೇ ನೆಟ್‌ವರ್ಕಿಗೆ ಸುದ್ದಿ ಮುಟ್ಟಿಸುತ್ತದೆ. ಕರೆ ಮಾಡಿದಾಗ, ಎಸ್ಸೆಮ್ಮೆಸ್ ಬಂದಾಗ, ಹಿನ್ನೆಲೆಯಲ್ಲಿ ಇಂಟರ್ನೆಟ್ ಓಡಿದಾಗ ಯಾವ ಟವರಿನ ಯಾವ ದಿಕ್ಕಿನ ಆಂಟೆನಾಕ್ಕೆ ಅದು ಜೋಡಿಕೊಂಡಿತೆಂಬುದೂ ತಿಳಿಯುತ್ತದೆ. ಟವರ್‌ಗಳು ಒತ್ತೊತ್ತಾಗಿರುವಲ್ಲಿ ಇದರಿಂದ ನಿಮ್ಮ ಸ್ಥಳವನ್ನು ಕೆಲವು ನೂರು ಮೀಟರುಗಳ ಒಳಗೆ ಗುರುತಿಸಬಹುದು, ವಿರಳವಾಗಿರುವಲ್ಲಿ ಕಿಲೋಮೀಟರುಗಳ ಅಂತರ ಉಳಿಯುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿದಾಗ ಅಥವಾ ಫೋನನ್ನು ಪೂರ್ತಿ ಆಫ್ ಮಾಡಿದಾಗ ಮಾತ್ರ ಈ ಸಂಪರ್ಕ ಕಡಿಯುತ್ತದೆ, ಆಗ ನಿಮಗೆ ಕರೆಯೂ ಬರುವುದಿಲ್ಲ.

ಆದ್ದರಿಂದ ಕಂಪನಿಗೆ ಸ್ಥಳ ತಿಳಿಯುವುದನ್ನೇ ತಪ್ಪೆಂದು ನಾವು ಹೇಳಲಾರೆವು. ಅಪಘಾತದಲ್ಲಿ ಸಿಕ್ಕಿಕೊಂಡವರು ತುರ್ತು ಕರೆ ಮಾಡಿದಾಗ ಅವರನ್ನು ಹುಡುಕಿ ತಲುಪಲು ಇದೇ ಮಾಹಿತಿ ನೆರವಾಗುತ್ತದೆ. ನಮ್ಮ ಆಕ್ಷೇಪ ಇರುವುದು ತಿಳಿದದ್ದನ್ನು ಕೂಡಿಡುವುದರ ಬಗ್ಗೆ. ಈಗ ಬಂದ ಕರೆಯನ್ನು ತಲುಪಿಸಲು ನೀವು ಈಗ ಎಲ್ಲಿದ್ದೀರಿ ಎಂಬುದು ಸಾಕು. ಕಳೆದ ತಿಂಗಳ ಹದಿನಾಲ್ಕನೆಯ ತಾರೀಖು ರಾತ್ರಿ ಎಲ್ಲಿದ್ದಿರಿ ಎಂಬುದು ಆ ಕೆಲಸಕ್ಕೆ ಬೇಕಿಲ್ಲ. ಬಿಲ್ಲಿನ ಲೆಕ್ಕಕ್ಕೂ ನೆಟ್‌ವರ್ಕಿನ ದುರಸ್ತಿಗೂ ಸ್ವಲ್ಪ ಕಾಲ ಕೆಲವು ದಾಖಲೆಗಳು ಬೇಕೆಂಬುದನ್ನು ಒಪ್ಪೋಣ. ಆದರೆ ಎಷ್ಟು ಕಾಲ, ಯಾವ ದಾಖಲೆ, ಯಾರ ಕೈಗೆ ಎಂಬುದನ್ನು ಕಂಪನಿಯೊಂದೇ ನಿರ್ಧರಿಸುವಂತಿರಬಾರದು.

ಕೂಡಿಟ್ಟ ದಾಖಲೆ ಹೇಗಿರುತ್ತದೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರು ಜರ್ಮನಿಯ ಗ್ರೀನ್ ಪಕ್ಷದ ರಾಜಕಾರಣಿ ಮಾಲ್ಟೆ ಸ್ಪಿಟ್ಜ್. ಅವರು ಕಾನೂನಿನ ಮೊರೆಹೋಗಿ ತಮ್ಮದೇ ಮೊಬೈಲ್ ಕಂಪನಿಯಾದ ಡಾಯ್ಚ ಟೆಲಿಕಾಮ್‌ನಿಂದ ತಮ್ಮ ದಾಖಲೆಗಳನ್ನು ಪಡೆದುಕೊಂಡರು. 2009ರ ಆಗಸ್ಟ್‌ನಿಂದ 2010ರ ಫೆಬ್ರವರಿವರೆಗಿನ ಆರು ತಿಂಗಳಿಗೆ ಸೇರಿದ ಆ ದಾಖಲೆಯಲ್ಲಿ 35,000ಕ್ಕೂ ಹೆಚ್ಚು ಸಾಲುಗಳಿದ್ದವು. 2011ರಲ್ಲಿ ಜರ್ಮನ್ ಪತ್ರಿಕೆ ಡೀ ತ್ಸೈಟ್ ತನ್ನ ಅಂತರ್ಜಾಲ ಆವೃತ್ತಿಯಲ್ಲಿ ಅವನ್ನು ನಕಾಶೆಯ ಮೇಲೆ ಮೂಡಿಸಿದಾಗ, ಅವರು ಯಾವ ರೈಲಿನ ದಾರಿಯಲ್ಲಿ ಸಾಗಿದರು, ಎಲ್ಲಿ ಮಲಗಿದರು, ಯಾವ ಹೊತ್ತಿನಲ್ಲಿ ಎಷ್ಟು ಕರೆ ಮಾಡಿದರು ಎಂಬುದನ್ನು ಯಾರು ಬೇಕಾದರೂ ನೋಡಬಹುದಾಗಿತ್ತು. ಯಾರೂ ಅವರನ್ನು ಹಿಂಬಾಲಿಸಿರಲಿಲ್ಲ, ಸಾಮಾನ್ಯ ಗ್ರಾಹಕರ ಬಗ್ಗೆ ತಾನಾಗಿಯೇ ಸಂಗ್ರಹವಾಗುವ ಮಾಹಿತಿ ಅದು. ದೂರಸಂಪರ್ಕದ ದಾಖಲೆಗಳನ್ನು ಆರು ತಿಂಗಳಿಂದ ಎರಡು ವರ್ಷಗಳವರೆಗೆ ಇಟ್ಟುಕೊಳ್ಳಬೇಕೆಂದು ಯುರೋಪಿಯನ್ ಒಕ್ಕೂಟ 2006ರಲ್ಲಿ ಹೊರಡಿಸಿದ್ದ ನಿರ್ದೇಶನವನ್ನು ಒಕ್ಕೂಟದ ನ್ಯಾಯಾಲಯವೇ 2014ರ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಎಲ್ಲರ ಬದುಕನ್ನೂ ಭೇದವಿಲ್ಲದೆ ದಾಖಲಿಸಿಡುವುದು ಅಗತ್ಯದ ಎಲ್ಲೆಯನ್ನು ಮೀರಿದ್ದು ಎಂಬುದು ಆ ತೀರ್ಪಿನ ತಿರುಳು.

ಇಟ್ಟುಕೊಂಡ ದಾಖಲೆ ಮಾರಾಟಕ್ಕೂ ಬರುತ್ತದೆ. ಅಮೆರಿಕದ ದೊಡ್ಡ ಮೊಬೈಲ್ ಕಂಪನಿಗಳು ತಮ್ಮ ಗ್ರಾಹಕರ ಸ್ಥಳದ ಮಾಹಿತಿಯನ್ನು ಮಧ್ಯವರ್ತಿ ಸಂಸ್ಥೆಗಳಿಗೆ ಕೊಡುತ್ತಿದ್ದುದು 2018ರಲ್ಲಿ ಬಯಲಾಯಿತು. ಮಧ್ಯವರ್ತಿಗಳಿಂದ ಅದು ಮತ್ತೆ ಯಾರ ಯಾರದೋ ಕೈ ಸೇರುತ್ತಿತ್ತು. ಅಲ್ಲಿನ ದೂರಸಂಪರ್ಕ ನಿಯಂತ್ರಣ ಆಯೋಗ 2024ರ ಏಪ್ರಿಲ್‌ನಲ್ಲಿ ಎಟಿ ಆ್ಯಂಡ್ ಟಿ, ವೆರೈಝಾನ್, ಟಿ-ಮೊಬೈಲ್, ಸ್ಪ್ರಿಂಟ್ ಕಂಪನಿಗಳಿಗೆ ಒಟ್ಟಾರೆ ಸುಮಾರು 20 ಕೋಟಿ ಡಾಲರ್ ದಂಡ ವಿಧಿಸಿತು, ಕಂಪನಿಗಳು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ಗ್ರಾಹಕರು ತಿಂಗಳು ತಿಂಗಳೂ ಹಣ ಕೊಟ್ಟು ಪಡೆಯುವ ಸೇವೆಯಲ್ಲೇ ಇದು ನಡೆದಿತ್ತೆಂಬುದನ್ನು ಮರೆಯಬಾರದು.

ಪ್ರಶ್ನೆ: ನಾನು ಕಾನೂನು ಮೀರಿ ನಡೆಯುವವನಲ್ಲ. ಮುಚ್ಚಿಡುವಂಥದ್ದು ನನ್ನ ಬಳಿ ಏನೂ ಇಲ್ಲ. ಲಕ್ಷಾಂತರ ಗ್ರಾಹಕರ ನಡುವೆ ನನ್ನ ದಾಖಲೆಯನ್ನು ಯಾರು ನೋಡುತ್ತಾರೆ? ಹೆಸರು ತೆಗೆದುಹಾಕಿದರೆ ಸಾಲದೇ?

ಉತ್ತರ: ಹೆಸರು ತೆಗೆದರೆ ಸಾಲದು ಎಂಬುದಕ್ಕೆ ಲೆಕ್ಕಾಚಾರದ ಆಧಾರವೇ ಇದೆ. ಹದಿನೈದು ತಿಂಗಳ ಅವಧಿಯ, 15 ಲಕ್ಷ ಜನರ ಮೊಬೈಲ್ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಬ್ಬ ವ್ಯಕ್ತಿ ಯಾವ ಹೊತ್ತಿನಲ್ಲಿ ಎಲ್ಲಿದ್ದ ಎಂಬ ಕೇವಲ ನಾಲ್ಕು ವಿವರಗಳು ಗೊತ್ತಿದ್ದರೆ, ಶೇಕಡ 95ರಷ್ಟು ಜನರನ್ನು ಆ ರಾಶಿಯಲ್ಲಿ ಪ್ರತ್ಯೇಕವಾಗಿ ಗುರುತಿಸಬಹುದು. ರಾತ್ರಿ ಎಲ್ಲಿರುತ್ತೀರಿ, ಹಗಲು ಎಲ್ಲಿ ಕೆಲಸ ಮಾಡುತ್ತೀರಿ ಎಂಬ ಎರಡರಿಂದಲೇ ಅರ್ಧ ಕೆಲಸ ಮುಗಿದುಹೋಗುತ್ತದೆ.

ಮುಚ್ಚಿಡುವಂಥದ್ದು ಏನೂ ಇಲ್ಲ ಎಂಬ ಮಾತನ್ನು ನೀವು ಪ್ರಾಮಾಣಿಕವಾಗಿಯೇ ಆಡಿದ್ದೀರಿ, ಆದರೂ ನಾವು ಅದನ್ನು ಒಪ್ಪುವುದಿಲ್ಲ. ದಾಖಲೆಯಲ್ಲಿರುವುದು ನಿಮ್ಮೊಬ್ಬರ ವಿಷಯವಲ್ಲ. ನೀವು ಯಾರೊಡನೆ ಮಾತನಾಡಿದಿರೋ ಅವರೆಲ್ಲರೂ ಅದರಲ್ಲಿದ್ದಾರೆ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಹೊಸ ಜಾಗದಲ್ಲಿ ನೆಲೆ ನಿಂತ ಹೆಣ್ಣುಮಗಳು, ಅಕ್ರಮವೊಂದರ ಸುಳಿವನ್ನು ಪತ್ರಕರ್ತರಿಗೆ ಕೊಟ್ಟ ನೌಕರ, ಮನೆಯವರಿಗೂ ಹೇಳದೆ ವೈದ್ಯರನ್ನು ಕಾಣಲು ಹೋದ ರೋಗಿ, ಇವರು ಯಾರೂ ಕಾನೂನು ಮೀರಿದವರಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟ ಕಾರ್ಪೆಂಟರ್ ಪ್ರಕರಣದಲ್ಲಿ, ತನಿಖೆಯವರು ಒಬ್ಬ ವ್ಯಕ್ತಿಯ 127 ದಿನಗಳ ಚಲನವಲನವನ್ನು 12,898 ಸ್ಥಳಸೂಚನೆಗಳ ರೂಪದಲ್ಲಿ ಪಡೆದಿದ್ದರು. ಇಂಥ ದಾಖಲೆಯನ್ನು ಪಡೆಯಲು ಸಾಮಾನ್ಯವಾಗಿ ವಾರಂಟ್ ಬೇಕೆಂದು ಆ ನ್ಯಾಯಾಲಯ ಹೇಳಿತು. ಅಲ್ಲಿ ಆರೋಪಿಯಾಗಿದ್ದವನು ಒಬ್ಬ, ಆದರೆ ಆ ತೀರ್ಪು ಕಾಪಾಡಿದ್ದು ಆರೋಪವೇ ಇಲ್ಲದ ಕೋಟ್ಯಂತರ ಜನರನ್ನು.

ಜೊತೆಗೆ, ದಾಖಲೆ ನೋಡುವವರು ಕಂಪನಿಯವರೇ ಆಗಬೇಕೆಂದೇನೂ ಇಲ್ಲ. ತನ್ನ ಬಹುತೇಕ ಎಲ್ಲ ಮೊಬೈಲ್ ಗ್ರಾಹಕರ ಕರೆ ಮತ್ತು ಎಸ್ಸೆಮ್ಮೆಸ್ ದಾಖಲೆಗಳು ಕಳವಾಗಿವೆ ಎಂದು ಎಟಿ ಆ್ಯಂಡ್ ಟಿ 2024ರ ಜುಲೈನಲ್ಲಿ ಪ್ರಕಟಿಸಿತು. ಕಳವಾದವು ಮುಖ್ಯವಾಗಿ 2022ರ ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ದಾಖಲೆಗಳು. ಮಾತುಕತೆಯ ಒಳವಿವರ ಅದರಲ್ಲಿರಲಿಲ್ಲ, ಆದರೆ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ ಎಷ್ಟು ಸಲ ಸಂಪರ್ಕ ನಡೆಯಿತೆಂಬುದಿತ್ತು. ಇಟ್ಟುಕೊಳ್ಳದೇ ಇದ್ದ ದಾಖಲೆಯನ್ನು ಯಾರೂ ಕದಿಯಲಾರರು.

ಪ್ರಶ್ನೆ: ನಾನು ಆಡುವ ಮಾತು, ಕಳುಹಿಸುವ ಸಂದೇಶ, ನೋಡುವ ವೆಬ್‌ಸೈಟ್ ಇವೆಲ್ಲವೂ ಕಂಪನಿಗೆ ಕಾಣುತ್ತವೆಯೇ?

ಉತ್ತರ: ಒಂದೊಂದೂ ಒಂದೊಂದು ಬಗೆ. ಸಾಮಾನ್ಯ ಕರೆ ಮತ್ತು ಎಸ್ಸೆಮ್ಮೆಸ್‌ಗಳಿಗೆ ಫೋನು ಮತ್ತು ನೆಟ್‌ವರ್ಕಿನ ನಡುವಿನ ದಾರಿಯಲ್ಲಿ ಗೂಢಲಿಪಿಯ ರಕ್ಷಣೆ ಇರುತ್ತದೆ. ನೆಟ್‌ವರ್ಕಿನ ಒಳಗೆ ಅವು ತೆರೆದುಕೊಂಡಿರುತ್ತವೆ, ಆದ್ದರಿಂದ ಕಂಪನಿಗೆ ತಾಂತ್ರಿಕವಾಗಿ ಅವು ಎಟಕುತ್ತವೆ. ಕಂಪನಿಯವರು ಕುಳಿತು ಕೇಳುತ್ತಾರೆಂದು ಇದರ ಅರ್ಥವಲ್ಲ, ಕೇಳಲು ಸಾಧ್ಯವಿರುವಂಥ ವ್ಯವಸ್ಥೆ ಅದು ಎಂಬುದಷ್ಟೇ. ಸಿಗ್ನಲ್, ವಾಟ್ಸ್‌ಆ್ಯಪ್‌ನಂಥ ಆ್ಯಪ್‌ಗಳಲ್ಲಿ ಕಳುಹಿಸುವವರ ಫೋನಿನಲ್ಲಿ ಬೀಗ ಬಿದ್ದ ಸಂದೇಶ ಪಡೆಯುವವರ ಫೋನಿನಲ್ಲೇ ತೆರೆಯುವುದರಿಂದ ನಡುವಿನ ಮೊಬೈಲ್ ಕಂಪನಿಗೆ ಒಳಗಿನದು ಕಾಣುವುದಿಲ್ಲ. ನೀವು ಆ ಸೇವೆಯನ್ನು ಬಳಸುತ್ತಿದ್ದೀರಿ, ಇಷ್ಟು ಡೇಟಾ ಖರ್ಚಾಯಿತು ಎಂಬುದು ಮಾತ್ರ ತಿಳಿಯುತ್ತದೆ.

ವೆಬ್‌ಸೈಟ್‌ಗಳ ವಿಷಯದಲ್ಲಿ ಇಂದು ಹೆಚ್ಚಿನ ತಾಣಗಳು ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ಸಂಪರ್ಕ ಬಳಸುವುದರಿಂದ ನೀವು ಓದಿದ ಪುಟ ಯಾವುದೆಂದು ಕಂಪನಿಗೆ ಕಾಣದಿದ್ದರೂ ಯಾವ ತಾಣಕ್ಕೆ ಹೋದಿರೆಂಬುದು ಸಾಮಾನ್ಯವಾಗಿ ಕಾಣುತ್ತದೆ. ಆಂಡ್ರಾಯ್ಡ್‌ನ ಒಂಬತ್ತನೆಯ ಆವೃತ್ತಿಯಿಂದ ಇರುವ, ತಾಣದ ವಿಳಾಸ ವಿಚಾರಿಸುವ ಕೋರಿಕೆಗೆ ಬೀಗ ಹಾಕುವ ಪ್ರೈವೇಟ್ ಡಿಎನ್ಎಸ್ ಎಂಬ ಸೆಟ್ಟಿಂಗ್ ಇದನ್ನು ಸ್ವಲ್ಪ ಮರೆಮಾಡುತ್ತದೆ, ಪೂರ್ತಿಯಾಗಿ ಅಲ್ಲ. ನಿಮ್ಮ ಸಂಪರ್ಕಕ್ಕೆ ಬೀಗ ಹಾಕಿ ಬೇರೊಂದು ಸಂಸ್ಥೆಯ ಕಂಪ್ಯೂಟರಿನ ಮೂಲಕ ಸಾಗಿಸುವ ವಿಪಿಎನ್ ಬಳಸಿದರೆ ಮೊಬೈಲ್ ಕಂಪನಿಗೆ ತಾಣಗಳ ಹೆಸರು ಕಾಣುವುದಿಲ್ಲ, ಆದರೆ ಅದೇ ಮಾಹಿತಿ ವಿಪಿಎನ್ ನಡೆಸುವವರಿಗೆ ಕಾಣುತ್ತದೆ. ಹಣ ಕೇಳದೆ ಸಿಗುವ ವಿಪಿಎನ್‌ಗಳನ್ನು ನಂಬುವ ಮೊದಲು ಅವರ ಖರ್ಚು ಎಲ್ಲಿಂದ ಹುಟ್ಟುತ್ತದೆಂದು ಯೋಚಿಸಿ.

ಕಂಪನಿ ಬರಿದೇ ನೋಡುವುದಷ್ಟೇ ಅಲ್ಲ, ತನ್ನ ಗುರುತನ್ನೂ ಸೇರಿಸಬಲ್ಲದು. ವೆರೈಝಾನ್ ತನ್ನ ಗ್ರಾಹಕರು ಗೂಢಲಿಪಿಯಿಲ್ಲದ ತಾಣಗಳಿಗೆ ಹೋದಾಗಲೆಲ್ಲ ಅವರ ಕೋರಿಕೆಯೊಳಗೆ ಒಂದು ಗುರುತುಸಂಖ್ಯೆಯನ್ನು ತೂರಿಸುತ್ತಿತ್ತು. 2012ರಲ್ಲಿ ಆರಂಭವಾದ ಇದು ಸಾರ್ವಜನಿಕರ ಗಮನಕ್ಕೆ ಬಂದದ್ದು 2014ರಲ್ಲಿ. ಗ್ರಾಹಕರು ತಮ್ಮ ಬ್ರೌಸರಿನ ಕುಕಿಗಳನ್ನು, ಅಂದರೆ ತಾಣಗಳು ಬಳಕೆದಾರರನ್ನು ಗುರುತಿಸಲು ಅಲ್ಲಿ ಇಡುವ ಪುಟ್ಟ ಕಡತಗಳನ್ನು, ಅಳಿಸಿದರೂ ಜಾಹೀರಾತು ಸಂಸ್ಥೆಯೊಂದು ಈ ಸಂಖ್ಯೆಯ ನೆರವಿನಿಂದ ಅವನ್ನು ಮತ್ತೆ ಹುಟ್ಟಿಸುತ್ತಿತ್ತು. 2016ರಲ್ಲಿ ಕಂಪನಿ 13.5 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿಕೊಂಡಿತು. ಬಳಕೆದಾರರು ತಮ್ಮ ಫೋನಿನಲ್ಲಿ ಏನನ್ನೇ ಅಳಿಸಿದರೂ ಆ ಗುರುತು ಸೇರುತ್ತಿದ್ದುದು ಫೋನಿನಾಚೆಗೆ, ನೆಟ್‌ವರ್ಕಿನಲ್ಲಿ. ಎಚ್‌ಟಿಟಿಪಿಎಸ್ ವ್ಯಾಪಕವಾದ ಮೇಲೆ ಈ ತಂತ್ರಕ್ಕೆ ಎಡೆ ತಪ್ಪಿತು. ನಿಯಮಕ್ಕಿಂತ ಗೂಢಲಿಪಿಯೇ ಇಲ್ಲಿ ಹೆಚ್ಚು ಕೆಲಸ ಮಾಡಿತೆಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಕಂಪನಿಯ ಮೂಲಕ ಕೊಂಡ ಫೋನಿನಲ್ಲಿ ಅವರದೇ ಆ್ಯಪ್‌ಗಳಿವೆ, ಅಳಿಸಲು ಬರುವುದಿಲ್ಲ. ಬೇರೆ ಕಂಪನಿಯ ಸಿಮ್ ಹಾಕಿದರೆ ಒಪ್ಪುವುದಿಲ್ಲ. ಹಣ ಕೊಟ್ಟ ಮೇಲೂ ಫೋನು ನನ್ನದಲ್ಲವೇ?

ಉತ್ತರ: ನಿಮ್ಮದೇ, ಮತ್ತು ನಿಮ್ಮದಾಗಿಯೇ ಇರಬೇಕು. ಅಳಿಸಲಾಗದ ಆ್ಯಪನ್ನು ಸೆಟ್ಟಿಂಗ್ಸ್‌ನಲ್ಲಿ ನಿಷ್ಕ್ರಿಯಗೊಳಿಸಲು ಅನೇಕ ಫೋನುಗಳಲ್ಲಿ ಅವಕಾಶವಿದೆ, ಅದಿಲ್ಲದಿದ್ದರೆ ಕೊನೆಯ ಪಕ್ಷ ಅದಕ್ಕೆ ಕೊಟ್ಟಿರುವ ಅನುಮತಿಗಳನ್ನು ಒಂದೊಂದಾಗಿ ಹಿಂತೆಗೆದುಕೊಳ್ಳಿ. ಕಾಣುವ ಆ್ಯಪ್‌ಗಿಂತ ಕಾಣದ ಸಾಫ್ಟ್‌ವೇರ್ ದೊಡ್ಡ ಚಿಂತೆ. ಅಮೆರಿಕದ ಹಲವು ಫೋನುಗಳಲ್ಲಿ ಕ್ಯಾರಿಯರ್ ಐಕ್ಯೂ ಎಂಬ ಸಾಫ್ಟ್‌ವೇರ್ ಬಳಕೆದಾರರಿಗೆ ತಿಳಿಯದಂತೆ ಓಡುತ್ತಿದೆ ಎಂಬುದನ್ನು 2011ರಲ್ಲಿ ಟ್ರೆವರ್ ಎಕ್‌ಹಾರ್ಟ್ ಎಂಬ ಸಂಶೋಧಕರು ಬಯಲಿಗೆಳೆದರು. ನೆಟ್‌ವರ್ಕಿನ ಗುಣಮಟ್ಟ ಅಳೆಯಲು ಅದನ್ನು ಬಳಸುತ್ತಿದ್ದೇವೆಂದು ಮೊಬೈಲ್ ಕಂಪನಿಗಳು ಹೇಳಿದವು. 14 ಕೋಟಿಗೂ ಹೆಚ್ಚು ಫೋನುಗಳಲ್ಲಿ ತನ್ನ ಸಾಫ್ಟ್‌ವೇರ್ ಇದೆಯೆಂದು ಅದನ್ನು ತಯಾರಿಸಿದ ಸಂಸ್ಥೆಯೇ ಹೇಳಿಕೊಂಡಿತ್ತು. ಎಕ್‌ಹಾರ್ಟ್‌ಗೆ ಮೊದಲು ಕಾನೂನುಕ್ರಮದ ಬೆದರಿಕೆಯ ಪತ್ರ ಬರೆದು, ವಿರೋಧ ಬಂದ ಮೇಲೆ ಆ ಸಂಸ್ಥೆ ಕ್ಷಮೆ ಕೇಳಿ ಪತ್ರ ಹಿಂತೆಗೆದುಕೊಂಡಿತು. ಗುಣಮಟ್ಟ ಅಳೆಯುವುದು ಸದುದ್ದೇಶವೇ ಇರಬಹುದು, ಆದರೆ ಅದನ್ನು ಫೋನಿನ ಒಡೆಯರಿಗೆ ಹೇಳಿ, ಬೇಡವೆನ್ನುವ ಅವಕಾಶ ಕೊಟ್ಟು ಮಾಡಬಹುದಾಗಿತ್ತು.

ಇದಕ್ಕೂ ಆಳದಲ್ಲಿ ಇನ್ನೆರಡು ಪದರಗಳಿವೆ. ಸಿಮ್ ಕಾರ್ಡ್ ಸ್ವತಃ ಒಂದು ಪುಟ್ಟ ಕಂಪ್ಯೂಟರು. ಅದರೊಳಗಿನ ಪ್ರೋಗ್ರಾಮುಗಳನ್ನು ಕಂಪನಿ ದೂರದಿಂದಲೇ ಬದಲಾಯಿಸಬಲ್ಲದು. ಕೆಲವು ಸಿಮ್‌ಗಳಲ್ಲಿದ್ದ ಹಳೆಯ ಪ್ರೋಗ್ರಾಮೊಂದನ್ನು ಬಳಸಿಕೊಂಡು, ಬಳಕೆದಾರರಿಗೆ ಕಾಣದ ಎಸ್ಸೆಮ್ಮೆಸ್ ಮೂಲಕ ಫೋನಿನ ಸ್ಥಳ ತಿಳಿಯುತ್ತಿದ್ದ ಸಿಮ್‌ಜ್ಯಾಕರ್ ಎಂಬ ದಾಳಿ 2019ರಲ್ಲಿ ಬೆಳಕಿಗೆ ಬಂತು. ಎರಡನೆಯದು ಬೇಸ್‌ಬ್ಯಾಂಡ್, ಅಂದರೆ ಟವರಿನೊಡನೆ ವ್ಯವಹರಿಸುವ ಪ್ರತ್ಯೇಕ ಪ್ರೊಸೆಸರ್. ಅದರ ಸಾಫ್ಟ್‌ವೇರ್ ಬಹುತೇಕ ಎಲ್ಲ ಫೋನುಗಳಲ್ಲೂ ಗುಟ್ಟಿನದು, ಬಳಕೆದಾರರು ಅದನ್ನು ಓದಲೂ ಆಗದು, ಬದಲಿಸಲೂ ಆಗದು. ಮುಕ್ತ ಸಾಫ್ಟ್‌ವೇರ್‌ನ ಆಸೆಯಿಂದ 2007ರಲ್ಲಿ ಹೊರಬಂದ ಓಪನ್‌ಮೋಕೋ ಫೋನಿನಲ್ಲಿ ಸಹ ಈ ಭಾಗ ಮುಚ್ಚಿದ್ದಾಗಿಯೇ ಉಳಿಯಿತು. ನಂತರದ ಲಿಬ್ರೆಮ್ 5, ಪೈನ್‌ಫೋನ್‌ಗಳು ಇನ್ನೊಂದು ದಾರಿ ಹಿಡಿದವು. ಮುಚ್ಚಿದ ಭಾಗವನ್ನು ತೆರೆಯಲಾಗದಿದ್ದರೂ ಅದರ ವಿದ್ಯುತ್ತನ್ನೇ ಕಡಿಯುವಂತೆ ಫೋನಿನಲ್ಲೇ ನಿಜವಾದ ಸ್ವಿಚ್ಚುಗಳನ್ನು ಅಳವಡಿಸಿದವು. ಇವು ಎಲ್ಲರಿಗೂ ಹೊಂದುವ ಫೋನುಗಳಲ್ಲ. ಆದರೂ ಒಡೆತನ ಎಂದರೆ ಏನೆಂಬುದನ್ನು ಇವು ಸರಿಯಾಗಿ ಅರ್ಥಮಾಡಿಕೊಂಡಿವೆ ಎಂದು ನಮಗನಿಸುತ್ತದೆ.

ಇನ್ನು ಸಿಮ್ ಲಾಕ್, ಅಂದರೆ ಬೇರೆ ಕಂಪನಿಯ ಸಿಮ್ ಒಪ್ಪದಂತೆ ಫೋನಿಗೆ ಹಾಕಿದ ಬೀಗ. ಇದಕ್ಕೆ ತಾಂತ್ರಿಕ ಕಾರಣ ಯಾವುದೂ ಇಲ್ಲ, ಇದು ಗ್ರಾಹಕರನ್ನು ಕಟ್ಟಿಹಾಕುವ ವ್ಯಾಪಾರದ ಉಪಾಯ. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ ಹೊಸ ಫೋನುಗಳನ್ನು ಲಾಕ್ ಇಲ್ಲದೆಯೇ ಕೊಡಬೇಕು, ಹಳೆಯವನ್ನು ಶುಲ್ಕವಿಲ್ಲದೆ ತೆರೆದುಕೊಡಬೇಕು ಎಂಬ ನಿಯಮವಿದೆ. ಬ್ರಿಟನ್ನಿನಲ್ಲಿ ಲಾಕ್ ಮಾಡಿದ ಫೋನುಗಳ ಮಾರಾಟ 2021ರ ಡಿಸೆಂಬರ್‌ನಿಂದ ನಿಂತಿದೆ. ಅಮೆರಿಕ 2014ರಲ್ಲಿ ಅನ್‌ಲಾಕ್ ಮಾಡುವ ಗ್ರಾಹಕರ ಹಕ್ಕನ್ನು ಮರಳಿಸುವ ಕಾನೂನು ತಂದಿತು. ಕಂತಿನ ಹಣ ಪೂರ್ತಿ ಸಂದಿದ್ದರೆ ನಿಮ್ಮ ಕಂಪನಿಗೆ ಬರೆದು ಅನ್‌ಲಾಕ್ ಮಾಡಿಸಿಕೊಡುವಂತೆ ಕೇಳಿ. ಮುಂದಿನ ಸಲ ಫೋನನ್ನೇ ಬೇರೆಯಾಗಿ, ಸಿಮ್ಮನ್ನೇ ಬೇರೆಯಾಗಿ ಕೊಳ್ಳಿ.

ಪ್ರಶ್ನೆ: ಆಗಾಗ ಸಿಮ್ ಬದಲಾಯಿಸಿದರೆ ಕಂಪನಿಯ ಕಣ್ತಪ್ಪಿಸಬಹುದೇ?

ಉತ್ತರ: ಆಗದು. ಸಿಮ್‌ಗೆ ಒಂದು ಗುರುತುಸಂಖ್ಯೆ ಇರುವಂತೆ ಫೋನಿಗೂ ಐಎಂಇಐ ಎಂಬ 15 ಅಂಕಿಗಳ ಸಂಖ್ಯೆ ಇದೆ. ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ ಅದು ಪರದೆಯ ಮೇಲೆ ಕಾಣುತ್ತದೆ. ನೆಟ್‌ವರ್ಕಿಗೆ ಎರಡೂ ತಿಳಿಯುವುದರಿಂದ ಹೊಸ ಸಿಮ್ ಹಳೆಯ ಫೋನಿನೊಡನೆ ಕೂಡಲೇ ಜೋಡಣೆಯಾಗುತ್ತದೆ.

ಪ್ರಶ್ನೆ: ಬ್ಯಾಂಕಿನ ಒಟಿಪಿ ಎಸ್ಸೆಮ್ಮೆಸ್‌ನಲ್ಲೇ ಬರುತ್ತದೆ. ಅದು ಸುರಕ್ಷಿತವೇ? ಹೊರಗಿನವರು ನಮ್ಮ ನೆಟ್‌ವರ್ಕಿಗೆ ಕೈ ಹಾಕದಂತೆ ಏನು ಮಾಡಬೇಕು?

ಉತ್ತರ: ಒಟಿಪಿ ಇಲ್ಲದಿರುವುದಕ್ಕಿಂತ ಎಸ್ಸೆಮ್ಮೆಸ್ ಒಟಿಪಿ ಇರುವುದು ಖಂಡಿತ ಮೇಲು, ಆದರೆ ಇರುವ ವಿಧಾನಗಳಲ್ಲಿ ಅದು ದುರ್ಬಲವಾದದ್ದು. ವಂಚಕರು ನಿಮ್ಮ ಹೆಸರಿನಲ್ಲಿ ಕಂಪನಿಯನ್ನು ನಂಬಿಸಿ ನಿಮ್ಮ ಸಂಖ್ಯೆಗೆ ಹೊಸ ಸಿಮ್ ಪಡೆದರೆ ಒಟಿಪಿ ಅವರಿಗೇ ಹೋಗುತ್ತದೆ. ಸಿಮ್ ಸ್ವಾಪ್ ಎಂಬ ಈ ವಂಚನೆಯಿಂದ 2019ರಲ್ಲಿ ಟ್ವಿಟರ್‌ನ ಮುಖ್ಯಸ್ಥರಾಗಿದ್ದ ಜಾಕ್ ಡಾರ್ಸಿಯವರ ಟ್ವಿಟರ್ ಖಾತೆಯೇ ಬೇರೆಯವರ ವಶವಾಗಿತ್ತು. ಕಂಪನಿಗಳು ಪರಸ್ಪರ ಕರೆ ಮತ್ತು ಸಂದೇಶ ದಾಟಿಸಲು ಬಳಸುವ ಎಸ್ಎಸ್7 ಎಂಬ ವ್ಯವಸ್ಥೆಯಲ್ಲಿಯೂ ಲೋಪಗಳಿವೆ. 1970ರ ದಶಕದಲ್ಲಿ ರೂಪುಗೊಂಡ ಅದು ಜಾಲದೊಳಗಿನವರೆಲ್ಲ ನಂಬಿಗಸ್ತರೆಂದೇ ಭಾವಿಸಿತ್ತು. 2017ರಲ್ಲಿ ಜರ್ಮನಿಯಲ್ಲಿ ಈ ಲೋಪವನ್ನು ಬಳಸಿ ಒಟಿಪಿಗಳನ್ನು ತಿರುಗಿಸಿಕೊಂಡು ಬ್ಯಾಂಕ್ ಖಾತೆಗಳಿಂದ ಹಣ ಎತ್ತಿದ ಪ್ರಕರಣವನ್ನು ಅಲ್ಲಿನ ಮೊಬೈಲ್ ಕಂಪನಿಯೊಂದು ದೃಢಪಡಿಸಿತು.

ಆದ್ದರಿಂದ ಸಾಧ್ಯವಿರುವಲ್ಲೆಲ್ಲ ಫೋನಿನಲ್ಲೇ ಒಟಿಪಿ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಅಥವಾ ಪಾಸ್‌ವರ್ಡಿನ ಬದಲು ನಿಮ್ಮ ಸಾಧನದಲ್ಲಿರುವ ಕೀಲಿಯಿಂದ ಗುರುತು ಖಚಿತಪಡಿಸುವ ಪಾಸ್‌ಕೀ ಬಳಸಿ. ಮುಖ್ಯವಾಗಿ ಇಮೇಲ್ ಖಾತೆಗೆ ಬಳಸಿ, ಏಕೆಂದರೆ ಉಳಿದ ಪಾಸ್‌ವರ್ಡುಗಳನ್ನು ಬದಲಾಯಿಸುವ ದಾರಿ ಅದರ ಮೂಲಕವೇ ಹೋಗುತ್ತದೆ. ನಿಮ್ಮ ಮೊಬೈಲ್ ಖಾತೆಗೆ ಪ್ರತ್ಯೇಕ ಪಿನ್ ಇಡುವ ಸೌಲಭ್ಯವಿದೆಯೇ ಎಂದು ಕಂಪನಿಯನ್ನು ವಿಚಾರಿಸಿ. ಕಾರಣವಿಲ್ಲದೆ ಫೋನಿನ ನೆಟ್‌ವರ್ಕ್ ಹೊತ್ತುಗಟ್ಟಲೆ ಮಾಯವಾದರೆ ಅಲಕ್ಷಿಸದೆ ಬೇರೊಂದು ಫೋನಿನಿಂದ ತಕ್ಷಣ ಕಂಪನಿಯನ್ನೂ ಬ್ಯಾಂಕನ್ನೂ ಸಂಪರ್ಕಿಸಿ. ಸೆಟ್ಟಿಂಗ್ಸ್‌ನಲ್ಲಿ 2ಜಿ ಆಫ್ ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿ. 2ಜಿಯಲ್ಲಿ ನೆಟ್‌ವರ್ಕು ಫೋನನ್ನು ಪರೀಕ್ಷಿಸುತ್ತದೆಯೇ ಹೊರತು ಫೋನು ನೆಟ್‌ವರ್ಕನ್ನು ಪರೀಕ್ಷಿಸುವುದಿಲ್ಲ, ಹಾಗಾಗಿ ಸುಳ್ಳು ಟವರುಗಳಿಗೆ ಅದು ಸುಲಭವಾಗಿ ಮರುಳಾಗುತ್ತದೆ. ಆಂಡ್ರಾಯ್ಡ್ 12ರಿಂದ ಕೆಲವು ಫೋನುಗಳಲ್ಲಿ ಈ ಆಯ್ಕೆ ಇದೆ, ಐಫೋನಿನಲ್ಲಿ ಲಾಕ್‌ಡೌನ್ ಮೋಡ್ ಎಂಬ ಕಟ್ಟುನಿಟ್ಟಿನ ಭದ್ರತೆಯ ಆಯ್ಕೆಯನ್ನು ಆನ್ ಮಾಡಿದರೆ ಐಓಎಸ್ 17ರಿಂದ 2ಜಿ ತಾನಾಗಿ ನಿಲ್ಲುತ್ತದೆ. 2ಜಿ ಮಾತ್ರ ಸಿಗುವ ಜಾಗಕ್ಕೆ ಹೋಗುವವರು ಈ ಆಯ್ಕೆಯನ್ನು ಯೋಚಿಸಿ ಬಳಸಬೇಕು.

ಪ್ರಶ್ನೆ: ನನ್ನ ಬಗ್ಗೆ ಕಂಪನಿಯಲ್ಲಿರುವ ದಾಖಲೆಗಳನ್ನು ನಾನೇ ಕೇಳಿ ಪಡೆಯಬಹುದೇ? ಹೇಗೆ ಬರೆಯಬೇಕು?

ಉತ್ತರ: ಕೇಳಬಹುದು, ಕೇಳಲೇಬೇಕು. ಯುರೋಪಿನಲ್ಲಿ 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಜಿಡಿಪಿಆರ್ ಕಾನೂನಿನ ಪ್ರಕಾರ ಕಂಪನಿ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕು. ಇಂಥ ಕಾನೂನು ಈಗ ಹಲವು ದೇಶಗಳಲ್ಲಿದೆ. ಮೊದಲು ಕಂಪನಿಯ ಖಾಸಗಿತನ ನೀತಿಯಲ್ಲಿ ಹೆಸರಿಸಿರುವ ದತ್ತಾಂಶ ರಕ್ಷಣಾ ಅಧಿಕಾರಿ ಅಥವಾ ಕುಂದುಕೊರತೆ ಅಧಿಕಾರಿಯ ವಿಳಾಸವನ್ನು ಹುಡುಕಿ, ಗ್ರಾಹಕ ಸೇವೆಯವರಿಗೆ ಕರೆ ಮಾಡುವ ಬದಲು ಅಲ್ಲಿಗೇ ಬರಹದಲ್ಲಿ ಕಳುಹಿಸಿ.

ನನ್ನ ಮಾಹಿತಿ ಕೊಡಿ ಎಂದಷ್ಟೇ ಬರೆದರೆ ಹೆಸರು, ವಿಳಾಸ, ಬಿಲ್ಲುಗಳ ಪ್ರತಿ ಬಂದು ವಿಷಯ ಅಲ್ಲಿಗೇ ಮುಗಿಯಬಹುದು. ಆದ್ದರಿಂದ ಬಿಡಿಸಿ ಕೇಳಿ. ನನ್ನ ಸಂಖ್ಯೆಗೆ ಸಂಬಂಧಿಸಿದ ಟವರ್ ಮತ್ತು ಸ್ಥಳದ ದಾಖಲೆಗಳನ್ನು ಎಷ್ಟು ಕಾಲ ಇಡುತ್ತೀರಿ, ಈಗ ಯಾವ ಅವಧಿಯವು ನಿಮ್ಮಲ್ಲಿವೆ, ನಾನು ಭೇಟಿ ಕೊಟ್ಟ ತಾಣಗಳ ಹೆಸರುಗಳನ್ನು ದಾಖಲಿಸುತ್ತೀರಾ, ಇವುಗಳಲ್ಲಿ ಯಾವುದನ್ನು ಯಾವ ಹೊರಸಂಸ್ಥೆಗೆ ಯಾವ ಉದ್ದೇಶಕ್ಕೆ ಕೊಟ್ಟಿದ್ದೀರಿ, ನನ್ನ ಒಪ್ಪಿಗೆಯನ್ನು ಯಾವ ದಿನ ಯಾವ ರೀತಿ ಪಡೆದಿರಿ ಎಂದು ಒಂದೊಂದನ್ನೂ ಪ್ರತ್ಯೇಕವಾಗಿ ನಮೂದಿಸಿ. ಜಾಹೀರಾತಿಗೂ ವಿಶ್ಲೇಷಣೆಗೂ ನನ್ನ ಮಾಹಿತಿಯ ಬಳಕೆಗೆ ಒಪ್ಪಿಗೆ ಇಲ್ಲ, ಹಿಂದೆ ಕೊಟ್ಟಿದ್ದರೆ ಈ ಪತ್ರದ ಮೂಲಕ ಹಿಂತೆಗೆದುಕೊಂಡಿದ್ದೇನೆ ಎಂಬ ಸಾಲನ್ನೂ ಸೇರಿಸಿ. ಉತ್ತರ ಬಾರದಿದ್ದರೆ ಅಥವಾ ಅರೆಬರೆಯಾಗಿ ಬಂದರೆ, ಈ ಪತ್ರದ ಪ್ರತಿ ಮತ್ತು ಕಳುಹಿಸಿದ ದಿನಾಂಕದ ಪುರಾವೆಯೊಂದಿಗೆ ನಿಮ್ಮ ದೇಶದ ದತ್ತಾಂಶ ರಕ್ಷಣಾ ಸಂಸ್ಥೆಗೆ ಅಥವಾ ದೂರಸಂಪರ್ಕ ನಿಯಂತ್ರಕರಿಗೆ ದೂರು ಸಲ್ಲಿಸಿ. ಬಂದ ಉತ್ತರದಲ್ಲಿ ಅರ್ಥವಾಗದ ಭಾಗವಿದ್ದರೆ ನಿಮ್ಮ ಸಂಖ್ಯೆ ಮತ್ತು ಹೆಸರನ್ನು ಮರೆಮಾಡಿ ನಮಗೂ ಕಳುಹಿಸಿಕೊಡಿ, ಮುಂದಿನ ಸಂಚಿಕೆಗಳಲ್ಲಿ ಬಿಡಿಸಿ ಹೇಳುತ್ತೇವೆ.